ಬೇಡದ ಕಾರ್ಡು

ಜೂನ್ 9, ಸೋಮವಾರ

ಹೊಸ ಶಾಲೆಯಲ್ಲಿ ಮೊದಲ ದಿನ ಮುಗಿಯಿತು. ಹನ್ನೊಂದು ವರ್ಷ ಏಳನೇ ತರಗತಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಆ ಶಾಲೆ ಮುಚ್ಚಿತು. ಒಂದು ವರ್ಷ ವಿಶೇಷ ಶಿಕ್ಷಣದ ತರಬೇತಿ ಪಡೆದು, ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಇಲ್ಲಿಗೆ ಬಂದಿದ್ದೇನೆ. ಕವರಿನಿಂದ ಅದನ್ನು ಹೊರಗೆ ತೆಗೆಯುವಷ್ಟು ಧೈರ್ಯವೂ ಇವತ್ತು ಬರಲಿಲ್ಲ.

ನನಗೆ ಕೊಟ್ಟಿರುವುದು ಲೈಫ್ ಸ್ಕಿಲ್ಸ್ ಕೋಣೆ. ಯಾರೋ ಒಂದು ಮನೆಯನ್ನು ತುಂಡು ಮಾಡಿ ಒಂದೇ ಕೋಣೆಗೆ ತುರುಕಿದ ಹಾಗಿದೆ. ಒಂದು ಮೂಲೆಯಲ್ಲಿ ಮಂಚ, ಹಾಸಿಗೆ, ಮಡಚಿ ಕಲಿಯಲು ಬೆಡ್‌ಶೀಟು. ಇನ್ನೊಂದರಲ್ಲಿ ಅಡುಗೆಕಟ್ಟೆ, ಸಿಂಕು, ತಟ್ಟೆ ಲೋಟ. ಬಾಗಿಲ ಪಕ್ಕ ತಗ್ಗಿನಲ್ಲಿ ಕೂರಿಸಿದ ಬೇಸಿನ್ನು. ಅದರ ಮೇಲೆ ಕೈ ತೊಳೆಯುವುದರ ಒಂಬತ್ತು ಚಿತ್ರಗಳು. ಕೈ ತೊಳೆಯುವುದರಲ್ಲಿ ಒಂಬತ್ತು ಹಂತಗಳಿವೆ ಎಂದು ನಲವತ್ತೆರಡು ವರ್ಷ ಕೈ ತೊಳೆದ ನನಗೆ ಗೊತ್ತಿರಲಿಲ್ಲ.

ನಾಲ್ಕು ಮಕ್ಕಳು. ಒಬ್ಬಳು ಗಾಲಿಕುರ್ಚಿಯಲ್ಲಿರುತ್ತಾಳೆ, ಎಡಗೈಯ ಎರಡು ಬೆರಳು ಬಿಟ್ಟರೆ ಮೈಯಲ್ಲಿ ಬೇರೇನೂ ಅವಳ ಮಾತು ಕೇಳುವುದಿಲ್ಲ. ಆ ಎರಡು ಬೆರಳಿನಿಂದ ದೊಡ್ಡ ಗುಂಡಿಯೊಂದನ್ನು ಒತ್ತಿ ಫ್ಯಾನು ಹಾಕುವುದನ್ನು ಅವಳು ಕಲಿಯಬೇಕು. ಇನ್ನಿಬ್ಬರು ಅವಳಿ ಹುಡುಗರು, ಕಾಲಿಗೆ ಚಕ್ರ ಕಟ್ಟಿಕೊಂಡವರು. ನಾಲ್ಕನೆಯವಳಿಗೆ ಹದಿಮೂರು ವರ್ಷ, ಆಟಿಸಂ, ಮಾತಿಲ್ಲ. ಅವಳ ಮುಷ್ಟಿಯಲ್ಲಿ ಯಾವಾಗಲೂ ನೀರಿನ ಬಾಟಲಿಯ ನೀಲಿ ಮುಚ್ಚಳ ಇರುತ್ತದೆ. ಅದಕ್ಕೇ ಇಲ್ಲಿಯ ಆಯಾ ಅವಳಿಗೆ ಮುಚ್ಚಳಮ್ಮ ಎಂದು ಹೆಸರಿಟ್ಟಿದ್ದಾರೆ. ಈಗ ಹೆತ್ತಮ್ಮನೂ ಹಾಗೇ ಕರೆಯುತ್ತಾರಂತೆ. ಬಾ ಎಂದರೆ ಬರುತ್ತಾಳೆ, ತೊಳೆ ಎಂದರೆ ತೊಳೆಯುತ್ತಾಳೆ.

ಸದ್ಯ, ಇವಳೊಬ್ಬಳಾದರೂ ಸುಲಭ.

ಜೂನ್ 11, ಬುಧವಾರ

ಬರೆಯಲು ನಾಚಿಕೆಯಾಗುತ್ತಿದೆ. ಬರೆದೇ ಬಿಡುತ್ತೇನೆ.

ಹತ್ತೂವರೆಗೆ ಮುಚ್ಚಳಮ್ಮನಿಗೆ ಕಿಟಕಿಯ ಪಕ್ಕದ ಕುರ್ಚಿ ತೋರಿಸಿ ‘ಕೂತ್ಕೋ’ ಎಂದೆ. ಅಷ್ಟರಲ್ಲಿ ಅವಳಿಗಳಲ್ಲಿ ಒಬ್ಬ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ಇನ್ನೊಬ್ಬ ಹೊರಗೆ ನಿಂತು ಬಾಗಿಲಿಗೆ ತಲೆ ಚಚ್ಚಿಕೊಳ್ಳತೊಡಗಿದ. ಬಡಗಿ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅವರಿಬ್ಬರನ್ನೂ ಸಮಾಧಾನ ಮಾಡಿ ಉಣ್ಣಿಸಿ ಬಂದೆ.

ನೋಡಿದರೆ ಮುಚ್ಚಳಮ್ಮ ಅದೇ ಕುರ್ಚಿಯಲ್ಲಿ ಕೂತಿದ್ದಳು, ನಾನು ಬಿಟ್ಟು ಹೋದ ಹಾಗೆಯೇ. ಬಟ್ಟೆ ಒದ್ದೆ, ಕುರ್ಚಿಯ ಕೆಳಗೆ ನೆಲವೂ ಒದ್ದೆ. ಬಿಸಿಲು ತಿರುಗಿ ನೇರ ಮುಖಕ್ಕೆ ಹೊಡೆಯುತ್ತಿತ್ತು. ಕಣ್ಣು ಕಿರಿದು ಮಾಡಿಕೊಂಡಿದ್ದಳೇ ಹೊರತು ಮುಖ ತಿರುಗಿಸಿರಲಿಲ್ಲ.

‘ಎದ್ದು ಹೋಗಬಾರದಿತ್ತಾ ಇವಳು?’ ಎಂದೆ ಯಾರಿಗೋ ಎಂಬಂತೆ.

ಆಯಾ ಬಟ್ಟೆ ತಂದು ನೆಲ ಒರೆಸುತ್ತ ಹೇಳಿದರು, ‘ನೀವು ಏಳು ಅಂದಿಲ್ವಲ್ಲ ಟೀಚರಮ್ಮ.’

ಸಂಜೆ ಅವಳ ಅಮ್ಮ ಬಂದರು. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವವರು. ಹತ್ತಿರ ನಿಂತರೆ ಬಿಸಿ ಬಟ್ಟೆಯ ವಾಸನೆ. ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವರು ನಕ್ಕುಬಿಟ್ಟರು. ‘ಅಯ್ಯೋ ಬಿಡಿ ಮೇಡಂ. ನನ್ನ ಮಗಳು ಹಾಗೇನೇ, ಹೇಳಿದ ಮಾತು ಮೀರಲ್ಲ. ಅದೊಂದು ಪುಣ್ಯ ನನಗೆ.’

ಅವರಿಗೆ ಅದು ಹೆಮ್ಮೆಯ ಮಾತು. ನಾನು ತಲೆಯಾಡಿಸಿದೆ. ಯಾಕೆ ತಲೆಯಾಡಿಸಿದೆನೋ ತಿಳಿಯದು.

ಜೂನ್ 15, ಭಾನುವಾರ

ನಾದಿನಿ ತನ್ನ ಮನೆಯಲ್ಲಿ ಟ್ಯೂಷನ್ ಶುರು ಮಾಡಿದ್ದಾಳೆ. ಪ್ರತಿ ಭಾನುವಾರ ಬೆಳಿಗ್ಗೆ ಲೆಕ್ಕದ ಪಾಠ ನನ್ನದೆಂದು ಇವರು ಒಪ್ಪಿಕೊಂಡು ಬಂದಿದ್ದಾರೆ. ‘ಹೇಗೂ ನೀನು ಸುಮ್ನೆ ಇರ್ತೀಯಲ್ಲ’ ಎಂದರು, ನನಗೇ ಉಪಕಾರ ಮಾಡಿದ ಹಾಗೆ. ಇವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆಯ್ತು ಎಂದೆ. ಹೋಗಿ ಬಂದೆ. ವಾರದ ಬಟ್ಟೆ ಒಗೆಯುವುದು ಹಾಗೇ ಉಳಿಯಿತು.

ಜೂನ್ 17, ಮಂಗಳವಾರ

ದೊಡ್ಡ ಟೀಚರ್ ಹತ್ತಿರ ಮಾತಾಡಿದೆ. ಈ ಶಾಲೆಯಲ್ಲಿ ಎಲ್ಲರಿಗಿಂತ ಹಳಬರು. ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಂಡು ಅದನ್ನೇ ಹುಡುಕುತ್ತಿರುತ್ತಾರೆ. ಮುಚ್ಚಳಮ್ಮನಿಗೆ ಈ ಮೂರು ತಿಂಗಳು ಏನೇನು ಕಲಿಸಬೇಕೆಂದು ನಾನು ಪಟ್ಟಿ ಮಾಡಿದ್ದೆ: ಹಲ್ಲುಜ್ಜುವುದು, ತಟ್ಟೆ ತೊಳೆಯುವುದು, ಅಂಗಿಯ ಗುಂಡಿ, ಬೆಡ್‌ಶೀಟು. ಅವರು ಪಟ್ಟಿ ಓದಿ ಪಕ್ಕಕ್ಕಿಟ್ಟರು.

‘ಇದೆಲ್ಲ ಅವಳು ಮಾಡ್ತಾಳೆ, ನೀವು ಮಾಡು ಅಂದ್ರೆ. ಬೇರೆ ಯಾರಾದ್ರೂ ಬಂದು ಬೇರೆ ಏನಾದ್ರೂ ಮಾಡು ಅಂದ್ರೆ?’

‘ಅದನ್ನೂ ಮಾಡ್ತಾಳೆ.’

‘ಹದಿಮೂರು ವರ್ಷದ ಹುಡುಗಿ. ಯಾರು ಏನು ಹೇಳಿದ್ರೂ ಮಾಡ್ತಾಳೆ. ನಿಮಗೆ ಭಯ ಆಗಲ್ವಾ?’

ಆ ಕ್ಷಣದವರೆಗೆ ಆಗಿರಲಿಲ್ಲ. ಆಮೇಲೆ ಇಡೀ ದಿನ ಆಯಿತು.

ಅವಳಿಗೆ ಮೊದಲು ‘ಬೇಡ’ ಎನ್ನುವುದನ್ನು ಕಲಿಸಿ ಎಂದರು. ಹಲ್ಲುಜ್ಜುವುದಕ್ಕೆ ಹನ್ನೆರಡು ಹಂತ. ಬೇಡ ಎನ್ನುವುದಕ್ಕೆ ಎಷ್ಟು ಹಂತ? ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ಅವರು ಕನ್ನಡಕ ಹುಡುಕಲು ಎದ್ದರು.

ಜೂನ್ 23, ಸೋಮವಾರ

ಬೇಡ ಎನ್ನಿಸಬೇಕಾದರೆ ಮೊದಲು ಅವಳಿಗೆ ಬೇಡವಾದದ್ದೊಂದು ಸಿಗಬೇಕು. ಸಿಗುತ್ತಿಲ್ಲ.

ಅವಳ ಅಮ್ಮನನ್ನು ಕೇಳಿದರೆ, ‘ಅಂಥದ್ದೇನಿಲ್ಲ ಮೇಡಂ, ಕೊಟ್ಟಿದ್ದು ತಿಂತಾಳೆ, ಹಾಕಿದ್ದು ಹಾಕ್ಕೊತಾಳೆ’ ಎಂದರು. ಒದ್ದೆ ಸ್ಪಂಜು ಕೈಗೆ ಕೊಟ್ಟೆ, ಹಿಡಿದುಕೊಂಡಳು. ಸ್ಟೀಲಿನ ಚಮಚದಿಂದ ತಟ್ಟೆ ಕೆರೆದೆ, ನನ್ನ ಹಲ್ಲೇ ಜುಮ್ಮೆಂದಿತು; ಅವಳು ನೋಡುತ್ತ ಕೂತಳು. ಪೌಡರು, ಮರಳು, ಐಸು. ಮುಖದಲ್ಲಿ ಒಂದು ಗೆರೆ ಆಚೀಚೆ ಆಗಲಿಲ್ಲ. ಇಷ್ಟವಿಲ್ಲ ಎನ್ನುವುದೇ ಇಲ್ಲದ ಮನುಷ್ಯರು ಇರುತ್ತಾರೆಯೇ?

ಅಂಟಿನ ಬಟ್ಟಲಲ್ಲಿ ಅವಳ ಬೆರಳು ಅದ್ದಿಸುತ್ತಿದ್ದಾಗ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲ ಒರೆಸುತ್ತಿದ್ದ ಆಯಾ ಎಂದರು, ‘ಮುಖ ಯಾಕೆ ನೋಡ್ತೀರಿ ಟೀಚರಮ್ಮ, ಕಾಲು ನೋಡಿ.’

ಹೆಬ್ಬೆರಳು. ಎರಡು ಕಾಲಿನ ಹೆಬ್ಬೆರಳೂ ಒಳಕ್ಕೆ ಮಡಚಿ ನೆಲವನ್ನು ಕಚ್ಚಿ ಹಿಡಿದಿದ್ದವು. ಅಂಟು ಒರೆಸಿದೆ. ಬೆರಳು ಬಿಚ್ಚಿಕೊಂಡವು. ಮತ್ತೆ ಅಂಟು ತಂದೆ. ಮತ್ತೆ ಮಡಚಿದವು.

ಹಾಗಾದರೆ ಎರಡು ವಾರದಿಂದ ಈ ಹುಡುಗಿ ಕಾಲಲ್ಲಿ ಮಾತಾಡುತ್ತಿದ್ದಳು. ನಾನು ಅವಳಿಗೆ ಶೂ ಹಾಕಿಸುತ್ತಿದ್ದೆ.

ಜೂನ್ 27, ಶುಕ್ರವಾರ

ಅಂಗೈಯಗಲದ ಕೆಂಪು ಕಾರ್ಡು. ಮೇಲೆ ಅಡ್ಡಗೀಟು ಹೊಡೆದ ಕೈಯ ಚಿತ್ರ, ಕೆಳಗೆ ‘ಬೇಡ’. ಲ್ಯಾಮಿನೇಟ್ ಮಾಡಿಸಿ, ಅವಳ ಸೊಂಟದ ಬೆಲ್ಟಿಗೊಂದು ಕೊಕ್ಕೆ ಹಾಕಿ ತೂಗುಬಿಟ್ಟಿದ್ದೇವೆ. ನಾನು ಎದುರಿನಿಂದ ಅಂಟಿನ ಬಟ್ಟಲು ತರುತ್ತೇನೆ. ದೊಡ್ಡ ಟೀಚರ್ ಹಿಂದಿನಿಂದ ಅವಳ ಕೈ ಹಿಡಿದು, ಕಾರ್ಡು ಬಿಡಿಸಿ, ನನ್ನ ಅಂಗೈಗೆ ಇಡಿಸುತ್ತಾರೆ. ‘ಬೇಡವಾ? ಸರಿ’ ಎಂದು ನಾನು ಬಟ್ಟಲನ್ನು ತಕ್ಷಣ ತೆಗೆಯುತ್ತೇನೆ. ದಿನಕ್ಕೆ ನಲವತ್ತು ಸಲ. ಹೊರಗಿನವರು ನೋಡಿದರೆ ಈ ಇಬ್ಬರು ಹೆಂಗಸರಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ.

ಅರ್ಥವಾಗದ್ದು ಇದು: ‘ಬೇಡ ಅನ್ನು’ ಎಂದು ನಾವು ಹೇಳಿ, ಅವಳು ಬೇಡ ಎಂದರೆ, ಅದೂ ಹೇಳಿದ ಮಾತು ಕೇಳಿದ ಹಾಗೆಯೇ ಅಲ್ಲವೇ? ದೊಡ್ಡ ಟೀಚರನ್ನು ಕೇಳಿದೆ. ‘ಹೌದು’ ಎಂದರು. ಅಷ್ಟೇ.

ಜುಲೈ 8, ಮಂಗಳವಾರ

ಇವತ್ತು ತಾನಾಗಿಯೇ ಕೊಟ್ಟಳು.

ಆಗ ಅಂಟು ಹತ್ತಿರದಲ್ಲಿರಲಿಲ್ಲ. ನಾನು ಅವಳ ಕಾಲರು ಸರಿಮಾಡಿ, ಹಾಗೇ ಕೆನ್ನೆ ಸವರಿದೆ. ಅವಳು ಸೊಂಟದಿಂದ ಕಾರ್ಡು ಬಿಡಿಸಿ ನನ್ನ ಕೈಯಲ್ಲಿಟ್ಟಳು. ಹಿಂದೆ ಯಾರೂ ಇರಲಿಲ್ಲ. ನಾನು ‘ಏನು?’ ಎಂದೆ, ದಡ್ಡಿಯ ಹಾಗೆ. ಆಮೇಲೆ ಹೊಳೆಯಿತು. ಅವಳಿಗೆ ಬೇಡವಾದದ್ದು ನಾನು.

‘ಸರಿ’ ಎಂದು ಕೈ ತೆಗೆದೆ. ದೊಡ್ಡ ಟೀಚರ್ ಇಡೀ ಶಾಲೆಗೆ ಹೇಳಿಕೊಂಡು ಬಂದರು. ಖುಷಿಯಾಗಬೇಕಿತ್ತು. ಬಸ್ಸಿನಲ್ಲಿ ಬರುವಾಗ ಒಂಥರಾ ಮುಖಕ್ಕೆ ಹೊಡೆಸಿಕೊಂಡ ಹಾಗಿತ್ತು.

ಜುಲೈ 16, ಬುಧವಾರ

ಇವತ್ತು ಮೂವತ್ತೊಂದು ಸಲ. ಬೆಡ್‌ಶೀಟಿಗೆ ಬೇಡ. ತಟ್ಟೆಗೆ ಬೇಡ. ಆಯಾ ‘ಬೇಡದ ಕಾರ್ಡು ಬಂತಪ್ಪಾ’ ಎಂದು ದಾರಿ ಬಿಡುತ್ತಾರೆ. ಗಾಲಿಕುರ್ಚಿಯ ಹುಡುಗಿ ಫ್ಯಾನು ಹಾಕಿದಾಗಲೂ ಇವಳು ಎದ್ದು ಹೋಗಿ ಫ್ಯಾನಿನ ಕಡೆ ಕಾರ್ಡು ಹಿಡಿದಳು. ಫ್ಯಾನು ಕೇಳಲಿಲ್ಲ. ಗಾಲಿಕುರ್ಚಿಯವಳು ಜೋರಾಗಿ ನಕ್ಕಳು. ಅವಳು ನಗುವುದನ್ನು ನಾನು ಕಂಡದ್ದು ಇದೇ ಮೊದಲು.

‘ಹೊಸ ಸೈಕಲ್ ಸಿಕ್ಕಿದೆ, ಮನೆಯೊಳಗೂ ಓಡಿಸ್ತಾಳೆ, ಸ್ವಲ್ಪ ದಿನ’ ಎಂದರು ದೊಡ್ಡ ಟೀಚರ್.

ಪ್ರತಿಯೊಂದು ಕೆಲಸಕ್ಕೂ, ತಿಂಡಿ ನೀರಿಗೂ ಒಂದು ಹಾಳೆ ಇದೆ. ಮಾಡಿದರೆ ಕೂಡುವ ಗುರುತು, ಮಾಡದಿದ್ದರೆ ಕಳೆಯುವ ಗುರುತು. ಬೇಡ ಎಂದರೂ ಕಳೆಯುವ ಗುರುತೇ, ಬೇರೆ ಖಾನೆ ಇಲ್ಲ. ಒಂದೆರಡು ವಿಷಯಕ್ಕೆ ಮಾತ್ರ ಬೇಡ ನಡೆಯುವುದಿಲ್ಲವೆಂದು ನಾನೇ ತೀರ್ಮಾನಿಸಿದೆ: ಹಲ್ಲುಜ್ಜುವುದು, ಔಷಧಿ. ಸೋಮವಾರದಿಂದ ಬ್ರಷ್ಷು ಕಂಡ ಕೂಡಲೇ ಕಾರ್ಡು ಕೊಡುತ್ತಿದ್ದಾಳೆ. ಇಸಿದುಕೊಂಡು, ‘ಗೊತ್ತಾಯ್ತು, ಆದ್ರೂ ಉಜ್ಜಬೇಕು’ ಎಂದು ಹೇಳಿ ಉಜ್ಜುತ್ತೇನೆ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಲ್ಲ.

ಜುಲೈ 22, ಮಂಗಳವಾರ

ಮುಚ್ಚಳಮ್ಮನ ಅಮ್ಮ ಬೆಳಿಗ್ಗೆಯೇ ಬಂದರು. ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟರು.

‘ಇದನ್ನ ನೀವೇ ಇಟ್ಕೊಳಿ ಮೇಡಂ.’

‘ಏನಾಯ್ತು?’

‘ಏನಾಗಬೇಕು? ತಲೆ ಬಾಚೋಕೆ ಬೇಡ. ಸ್ನಾನಕ್ಕೆ ಬೇಡ. ತಿಂಡಿ ಮುಂದೆ ಇಟ್ರೆ ಬೇಡ. ಏಳು ಗಂಟೆಗೆ ನಾನು ಅಂಗಡೀಲಿ ಇರಬೇಕು. ಈ ಹುಡುಗಿ ನನ್ನ ಕೈಗೆ ಕಾರ್ಡು ಕೊಟ್ಟು ನಿಂತ್ಕೊತಾಳೆ. ಅವರಪ್ಪ ಬಿಟ್ಟು ಹೋದಾಗಿಂದ ಒಬ್ಬಳೇ ಸಂಭಾಳಿಸಿದ್ದೀನಿ. ಹೇಗೆ ಸಂಭಾಳಿಸಿದೆ ಹೇಳಿ? ಹೇಳಿದ ಮಾತು ಕೇಳ್ತಾಳೆ ಅಂತ. ಇದ್ದದ್ದು ಅದೊಂದು. ಅದನ್ನೂ ನೀವು ಕಿತ್ಕೊಂಡ್ರಿ.’

ನಾನು ದೊಡ್ಡ ಟೀಚರ್ ಹೇಳಿದ್ದನ್ನೆಲ್ಲ ಹೇಳಿದೆ. ಹೊರಗಿನವರು, ಭಯ, ಸುರಕ್ಷತೆ. ಅವರು ಕೇಳಿಸಿಕೊಂಡರು. ‘ಹೊರಗಿನವರಿಗೆ ಬೇಡ ಅನ್ನಲಿ ಮೇಡಂ. ನನಗ್ಯಾಕೆ ಅಂತಾಳೆ?’

ಕ್ಷಮಿಸಿ ಎಂದೆ. ಯಾವುದಕ್ಕೆ ಕ್ಷಮೆ ಕೇಳಿದೆನೆಂದು ಅವರೂ ಕೇಳಲಿಲ್ಲ.

ಇನ್ನು ಕಾರ್ಡು ಶಾಲೆಯಲ್ಲಿ ಮಾತ್ರ ಎಂದು ಒಪ್ಪಂದವಾಯಿತು.

ಆಗಸ್ಟ್ 1, ಶುಕ್ರವಾರ

ದಾನಿಗಳು ಶಾಲೆ ನೋಡಲು ಬಂದಿದ್ದರು. ಶಾಲೆ ನಡೆಸುವ ಟ್ರಸ್ಟಿನ ಕಾರ್ಯದರ್ಶಿಗಳು ನನ್ನ ಕೋಣೆಗೇ ಮೊದಲು ಕರೆತಂದರು. ಮುಚ್ಚಳಮ್ಮ ತಟ್ಟೆ ತೊಳೆದು ಒರೆಸಿ ಜೋಡಿಸಿ ತೋರಿಸಬೇಕು. ತೋರಿಸಿದಳು, ಎಂಟು ತಟ್ಟೆ, ಒಂದೂ ಸದ್ದಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೂಟು ಹಾಕಿದ ಹಿರಿಯರೊಬ್ಬರು ಫೋಟೋಕ್ಕೆಂದು ಅವಳ ಹೆಗಲ ಮೇಲೆ ಕೈ ಹಾಕಿ ಹತ್ತಿರಕ್ಕೆ ಎಳೆದುಕೊಂಡರು.

ನಾನು ಅವಳ ಕಾಲು ನೋಡಿದೆ. ನೋಡಿಯೂ ಸುಮ್ಮನಿದ್ದೆ.

ಅವಳು ಕಾರ್ಡು ತೆಗೆದು ಅವರ ಕೈಯಲ್ಲಿಟ್ಟಳು. ಅವರು, ‘ಓ, ನನಗೆ ಗಿಫ್ಟಾ?’ ಎಂದು ನಕ್ಕರು. ತಿರುಗಿಸಿ ಓದಿದರು. ಕೈ ತೆಗೆದರು. ಫೋಟೋ ತೆಗೆಯುವವನು ಕ್ಯಾಮೆರಾ ಇಳಿಸಿದ. ಅವರು ಒಳ್ಳೆಯವರೇ ಇರಬೇಕು, ಕಾರ್ಡನ್ನು ವಾಪಸು ಅವಳಿಗೇ ಕೊಟ್ಟರು. ಆದರೆ ಕಿವಿ ಕೆಂಪಾಗಿತ್ತು.

ಎಲ್ಲರೂ ಹೋದ ಮೇಲೆ ಕಾರ್ಯದರ್ಶಿಗಳು ಕರೆಸಿದರು. ‘ಮಕ್ಕಳಿಗೆ ನಮಸ್ಕಾರ ಕಲಿಸ್ರಿ ಅಂದ್ರೆ, ನೀವು ಇದನ್ನ ಕಲಿಸಿದ್ದೀರಲ್ಲ ಮೇಡಂ.’

ತಪ್ಪಾಯ್ತು ಸರ್ ಎಂದೆ.

ಆಗಸ್ಟ್ 4, ಸೋಮವಾರ

ಕಾರ್ಡು ತೆಗೆದೆ. ದೊಡ್ಡ ಟೀಚರ್ ರಜೆಯಲ್ಲಿದ್ದಾರೆ, ಕೇಳಲು ಯಾರೂ ಇಲ್ಲ. ಅಮ್ಮನಿಗೆ ಬೇಡ, ಕಾರ್ಯದರ್ಶಿಗಳಿಗೆ ಬೇಡ, ಫ್ಯಾನಿಗಂತೂ ಕೇಳಿಸುವುದಿಲ್ಲ. ಸ್ವಲ್ಪ ದಿನ ಬಿಟ್ಟು, ಬೇರೆ ರೀತಿಯಲ್ಲಿ ಮತ್ತೆ ಶುರು ಮಾಡಿದರಾಯಿತು. ಅವಳು ಮೊದಲಿನ ಹಾಗಾದಳು. ಕೋಣೆ ಶಾಂತವಾಗಿದೆ. ನನ್ನ ಹಾಳೆಯ ತುಂಬ ಕೂಡುವ ಗುರುತು.

ಆಗಸ್ಟ್ 7, ಗುರುವಾರ

ಬ್ರಷ್ಷು ತೆಗೆದ ಕೂಡಲೇ ಅವಳ ಕೈ ಸೊಂಟಕ್ಕೆ ಹೋಗುತ್ತದೆ. ಖಾಲಿ ಕೊಕ್ಕೆಯನ್ನು ತಿರುಗಿಸುತ್ತಾಳೆ. ಆಮೇಲೆ ಬಾಯಿ ತೆರೆಯುತ್ತಾಳೆ.

ಆಗಸ್ಟ್ 11, ಸೋಮವಾರ

ಹೊಡೆದುಕೊಳ್ಳಲು ಶುರುಮಾಡಿದ್ದಾಳೆ. ಮುಚ್ಚಳ ಹಿಡಿದ ಮುಷ್ಟಿಯಿಂದ ತನ್ನ ದವಡೆಗೇ, ಟಕ್ ಟಕ್ ಎಂದು, ಬಾಗಿಲು ತಟ್ಟುವ ಹಾಗೆ. ಹಿಂದೆಂದೂ ಹೀಗೆ ಮಾಡಿದವಳಲ್ಲವಂತೆ. ಕಾರ್ಡು ತೆಗೆದದ್ದಕ್ಕೆ ಸಿಟ್ಟು ಎಂದು ಆಯಾ. ಹಟ ಎಂದು ಕಾರ್ಯದರ್ಶಿಗಳು. ವಯಸ್ಸಿಗೆ ಬರುತ್ತಿರುವ ಹುಡುಗಿ, ಹಾಗೆಲ್ಲ ಆಗುತ್ತದೆ ಎಂದು ಅವಳ ಅಮ್ಮ. ಹೇಳುವಾಗ ಅವರ ಕಣ್ಣು ಕೆಳಗಿತ್ತು. ನನಗೆ ಒಂದೊಂದು ಸಲ ಒಂದೊಂದು ನಿಜವೆನಿಸುತ್ತದೆ. ಮಧ್ಯಾಹ್ನ ಅವಳ ಮುಷ್ಟಿ ಮತ್ತು ದವಡೆಯ ನಡುವೆ ನನ್ನ ಅಂಗೈ ಇಟ್ಟು ಅರ್ಧ ಗಂಟೆ ಕೂತೆ. ಕೈ ಬಾತಿದೆ. ಬರೆಯಲು ಆಗುತ್ತಿಲ್ಲ.

ಆಗಸ್ಟ್ 12, ಮಂಗಳವಾರ

ಶಾಲೆ ಬಿಟ್ಟ ಮೇಲೆ ಎರಡು ತಿಂಗಳ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡೆ. ಅವಳ ತಪ್ಪು ಎಲ್ಲಿ ಶುರುವಾಯಿತೆಂದು ಹುಡುಕಲು ಹೊರಟೆ.

ಜುಲೈ 14ಕ್ಕೆ ಮೊದಲು ಹಲ್ಲುಜ್ಜುವುದಕ್ಕೆ ಒಂದೂ ಬೇಡ ಇಲ್ಲ. ಆ ದಿನದಿಂದ ಕಾರ್ಡು ತೆಗೆಯುವ ತನಕ ಹದಿನೈದು ದಿನ ಉಜ್ಜಿಸಿದ್ದೇನೆ, ಹದಿನಾಲ್ಕು ಬೇಡ. ಬಾಳೆಹಣ್ಣಿಗೆ ಯಾವತ್ತೂ ಇಲ್ಲ. ಗಟ್ಟಿ ಬಿಸ್ಕತ್ತಿಗೆ ಪ್ರತಿ ಸಲ. ತಣ್ಣೀರಿಗೆ ಬೇಡ, ಉಗುರುಬೆಚ್ಚನೆಯ ನೀರು ಕುಡಿದಿದ್ದಾಳೆ. ಬೆಡ್‌ಶೀಟು, ತಟ್ಟೆಯ ಬೇಡಗಳು ಬರುಬರುತ್ತ ಕಡಿಮೆಯಾಗಿವೆ. ಬಾಯಿಗೆ ಸಂಬಂಧಿಸಿದ್ದು ಮಾತ್ರ ಏರುತ್ತ ಹೋಗಿದೆ.

ಏಳನೇ ತರಗತಿಯ ಮಕ್ಕಳಿಗೆ ಕೊಟ್ಟಿದ್ದರೂ ಹತ್ತು ನಿಮಿಷದಲ್ಲಿ ಬಿಡಿಸುತ್ತಿದ್ದರು.

ಅವಳ ಅಮ್ಮನಿಗೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಹಲ್ಲಿನ ಡಾಕ್ಟರ್.

ಆಗಸ್ಟ್ 13, ಬುಧವಾರ

ಬಲಗಡೆಯ ಕೆಳದವಡೆ. ಹಲ್ಲಿನ ಬುಡದಲ್ಲಿ ಕೀವು ತುಂಬಿದೆ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು, ‘ಎಷ್ಟು ದಿನದಿಂದ ನೋವು ಅಂತಿದಾಳೆ?’

‘ಅವಳಿಗೆ ಮಾತು ಬರಲ್ಲ ಡಾಕ್ಟ್ರೇ’ ಎಂದರು ಅವಳ ಅಮ್ಮ.

‘ಜುಲೈ ಹದಿನಾಲ್ಕರಿಂದ’ ಎಂದೆ ನಾನು.

ಅಮ್ಮ ನನ್ನ ಕಡೆ ತಿರುಗಿದರು. ನಾನು ಹಾಳೆಯನ್ನು ಅವರಿಗೆ ಕೊಟ್ಟೆ. ಅವರು ಬೆರಳಿಟ್ಟು ಒಂದೊಂದೇ ಕಳೆಯುವ ಗುರುತನ್ನು ನೋಡುತ್ತ ಹೋದರು. ಕೊನೆಯವರೆಗೂ ಹೋಗಿ ಬೆರಳು ನಿಂತಿತು. ‘ಇಲ್ಲಿಂದ ಯಾಕೆ ಇಲ್ಲ?’

‘ಇಲ್ಲಿಂದ ನಾನು ಕಾರ್ಡು ತೆಗೆದೆ.’

ಬಯ್ಯಲಿ ಎಂದು ಕಾದೆ. ಅವರು, ‘ಮನೇಲಿ ನಾನು ಮೊದಲೇ ತೆಗೆದಿದ್ದೆನಲ್ಲ’ ಎಂದರು.

ನಾಳೆ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿಸಿ ಹಲ್ಲು ತೆಗೆಯುತ್ತಾರೆ. ನಾನು ಗೆರೆ ಎಳೆದದ್ದು ಅದೇ ಹಲ್ಲಿನ ಮೇಲೆ. ದಿನಾ ಬ್ರಷ್ಷಿನಿಂದ.

ಆಗಸ್ಟ್ 14, ಗುರುವಾರ

ಆಯಿತು. ಎಚ್ಚರವಾದ ಕೂಡಲೇ ಮುಚ್ಚಳ ಹುಡುಕಿದಳಂತೆ. ನರ್ಸು ಕಸಕ್ಕೆ ಹಾಕಿಬಿಟ್ಟಿದ್ದರು. ಅವಳ ಅಮ್ಮ ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟರಂತೆ. ಬಿಳಿಯದು. ಅದಕ್ಕೂ ಒಪ್ಪಿದಳಂತೆ.

ಆಗಸ್ಟ್ 20, ಬುಧವಾರ

ಶಾಲೆಗೆ ಬಂದಳು. ಕಾರ್ಡನ್ನು ಕೊಕ್ಕೆಗೆ ಹಾಕುವಾಗ ಅವಳ ಕಾಲು ನೋಡಿದೆ. ಬೆರಳು ಬಿಡಿಯಾಗಿ ನೆಲದ ಮೇಲಿದ್ದವು. ಕ್ಷಮಿಸು ಎಂದೆ. ಅವಳಿಗೆ ತಲುಪಿತೋ ಇಲ್ಲವೋ.

ದೊಡ್ಡ ಟೀಚರ್ ರಜೆ ಮುಗಿಸಿ ಬಂದಿದ್ದಾರೆ. ಎಲ್ಲವನ್ನೂ ಕೇಳಿ, ‘ಹಾಳೆ ಇಟ್ಟಿದ್ದು ನೀವೇ, ಓದಿದ್ದೂ ನೀವೇ. ತಡವಾಗಿ ಓದಿದ್ರಿ’ ಎಂದರು. ಬೈದರೋ ಮೆಚ್ಚಿದರೋ ಈಗಲೂ ಯೋಚಿಸುತ್ತಿದ್ದೇನೆ. ಹಾಳೆಗೆ ‘ಬೇಡ ಎಂದಳು’ ಎಂದು ಬೇರೆಯೇ ಒಂದು ಖಾನೆ ಗೀಚಿದೆ.

ಮಧ್ಯಾಹ್ನ ಕಾರ್ಯದರ್ಶಿಗಳು ಬಂದಿದ್ದರು. ಮುಂದಿನ ತಿಂಗಳು ಇನ್ನೊಂದು ತಂಡ ಬರುತ್ತದಂತೆ, ಆ ದಿನ ಮಾತ್ರ ಕಾರ್ಡು ತೆಗೆದಿಡಬಹುದಲ್ಲ ಎಂದರು. ಆಗಲ್ಲ ಸರ್, ಫೋಟೋಕ್ಕೆ ನಿಲ್ತಾಳಾ ಅಂತ ಅವಳನ್ನೇ ಕೇಳ್ತೀನಿ ಎಂದೆ. ‘ಅವಳನ್ನ ಕೇಳ್ತೀರಾ?’ ಎಂದರು. ಹೌದು ಎಂದೆ. ಅವರ ಜೇಬಿನ ತುದಿಯಲ್ಲಿ ಇಂಕು ಸೋರಿ ದೊಡ್ಡ ಕಲೆಯಾಗಿತ್ತು. ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಹೊರಟುಹೋದರು.

ಆಗಸ್ಟ್ 24, ಭಾನುವಾರ

ಬೆಳಿಗ್ಗೆ ಬಟ್ಟೆ ಒಗೆದೆ. ಬಿಸಿಲು ಚೆನ್ನಾಗಿತ್ತು, ಹನ್ನೊಂದಕ್ಕೆಲ್ಲ ಒಣಗಿದವು. ನಾದಿನಿ ಫೋನ್ ಮಾಡಿ ಎಲ್ಲಿದ್ದೀರಿ ಎಂದಳು. ಬರಲ್ಲಮ್ಮ ಎಂದೆ. ಯಾಕೆ, ಮೈ ಹುಷಾರಿಲ್ವಾ ಎಂದಳು. ಹುಷಾರಾಗಿದ್ದೀನಿ ಎಂದೆ. ಆಮೇಲೆ ಇವರೂ ಅದನ್ನೇ ಕೇಳಿದರು, ಹಣೆ ಮುಟ್ಟಿ ನೋಡಿದರು. ದಿಂಬಿನ ಕವರೊಂದು ಕಾಣುತ್ತಿಲ್ಲ, ಮಹಡಿಯಿಂದ ಹಾರಿಹೋಗಿರಬೇಕು.

ಮುಚ್ಚಳಮ್ಮ ಮೊನ್ನೆ ಶುಕ್ರವಾರ ಕಾರ್ಡು ಕೊಟ್ಟದ್ದು ಆರು ಸಲ. ನಾಲ್ಕಕ್ಕೆ ಕಾರಣ ಸಿಕ್ಕಿತು. ಒಂದಕ್ಕೆ ಒದ್ದೆ ತೋಳು, ಒಂದಕ್ಕೆ ಅವಳಿಗಳ ಗಲಾಟೆ, ಎರಡಕ್ಕೆ ಹೊಸ ಸೋಪಿನ ವಾಸನೆ. ಉಳಿದ ಎರಡಕ್ಕೆ ಸಿಕ್ಕಿಲ್ಲ. ಹುಡುಕಬೇಕು.

ಸೆಪ್ಟೆಂಬರ್ 6, ಶನಿವಾರ

ಮುಚ್ಚಳಮ್ಮನ ಮನೆಗೆ ಹೋಗಿದ್ದೆ. ಕಾರ್ಡು ಈಗ ಮನೆಯಲ್ಲೂ ಇದೆ. ಅವಳ ಅಮ್ಮನೇ ಕೇಳಿ ಇನ್ನೊಂದು ಮಾಡಿಸಿಕೊಂಡಿದ್ದರು. ತಲೆಗೆ ನೀರು ಹಾಕಲು ಮಾತ್ರ ಎರಡು ವಾರದಿಂದ ಬಿಡುತ್ತಿಲ್ಲ, ಬಂದು ನೋಡಿ ಮೇಡಂ ಎಂದು ಕರೆದಿದ್ದರು. ಇವತ್ತು ಅವರಿಗೆ ಮಧ್ಯಾಹ್ನದ ಪಾಳಿ.

ಮೂರನೇ ಮಹಡಿ, ಎರಡು ಕೋಣೆ. ಅಡುಗೆಮನೆಯ ಹಿಂದೆ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಒಗೆಯುವ ಜಾಗ. ಹಳೆಯ ಫ್ರಾಕು ಹಾಕಿಕೊಂಡು ಮುಚ್ಚಳಮ್ಮ ಸ್ಟೂಲಿನ ಮೇಲೆ ಕೂತಿದ್ದಳು, ಎಡಮುಷ್ಟಿಯಲ್ಲಿ ಬಿಳಿ ಮುಚ್ಚಳ. ಎದುರಿಗೆ ಬಕೆಟ್ಟಿನಲ್ಲಿ ಕಾಯಿಸಿದ ನೀರು. ಅಮ್ಮ ಚೊಂಬು ಎತ್ತಿದರು. ಕಾರ್ಡು ಬಂತು.

ನಾವಿಬ್ಬರೂ ಪತ್ತೇದಾರರ ಹಾಗೆ ಶುರುಮಾಡಿದೆವು. ನೀರು ಬಿಸಿಯಾಯಿತೇನೋ ಎಂದು ತಣ್ಣೀರು ಬೆರೆಸಿದೆವು. ಬೇಡ. ಶಾಂಪೂ ಬದಲಿಸಿದೆವು. ಬೇಡ. ಕಿವಿಗೆ ನೀರು ಹೋಗುತ್ತದೆಂದು ಹತ್ತಿ ಇಟ್ಟೆವು. ಬೇಡ. ಅವಳಮ್ಮ ಕೂದಲು ಸರಿಸಿ ಇಂಚಿಂಚೂ ನೋಡಿದರು, ಗಾಯವಿಲ್ಲ, ಹುಣ್ಣಿಲ್ಲ. ಬಾಯಿ ತೆಗೆಸಿ ಬೆಳಕು ಬಿಟ್ಟು ನೋಡಿದರು. ವಸಡಿನ ಗಾಯ ಮಾಯ್ದಿದೆ. ನಾನು ಕಾಲು ನೋಡಿದೆ. ಬೆರಳು ಮಡಚಿರಲಿಲ್ಲ, ಸುಮ್ಮನಿದ್ದವು. ಅವಳಿಗೆ ನೋವಿಲ್ಲ, ಭಯವಿಲ್ಲ. ಕಾರ್ಡು ಮಾತ್ರ ಬರುತ್ತಿತ್ತು.

‘ಇನ್ನೇನಿರಬಹುದು ಮೇಡಂ?’

‘ಗೊತ್ತಾಗ್ತಿಲ್ಲ.’

‘ನೀವೇ ಹೀಗಂದ್ರೆ?’

ನಿಜಕ್ಕೂ ಗೊತ್ತಾಗಲಿಲ್ಲ. ಅವಳ ಅಮ್ಮ ಚೊಂಬನ್ನು ನೆಲಕ್ಕಿಟ್ಟು ಹೇಳಿದರು, ‘ಏನೂ ಇರಲ್ಲ ಬಿಡಿ. ಬೇಡ ಅನ್ಸಿದೆ ಅಷ್ಟೇ. ನನಗೂ ಎಷ್ಟೋ ದಿನ ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ. ಕಾರಣ ಕೇಳಿದ್ರೆ ನಾನೇನು ಹೇಳಲಿ?’ ಮಗಳ ಕಾರ್ಡನ್ನು ಅವಳ ಕೊಕ್ಕೆಗೇ ಸಿಕ್ಕಿಸಿದರು. ‘ಸರಿ ಕಣೇ. ಇವತ್ತು ಬೇಡ.’

ಕಾಯಿಸಿದ ನೀರು ಸುಮ್ಮನೆ ಯಾಕೆ ಚೆಲ್ಲಬೇಕೆಂದು ತಾವೇ ಜಡೆ ಬಿಚ್ಚಿ, ಬಕೆಟ್ಟಿನ ಮುಂದೆ ಮಂಡಿಯೂರಿ ತಲೆ ಬಗ್ಗಿಸಿದರು. ಕೂದಲು ಮುಂದಕ್ಕೆ ಬಿದ್ದು ಮುಖ ಮುಚ್ಚಿತು. ಎರಡು ಚೊಂಬು ಹಾಕಿಕೊಂಡು ಶಾಂಪೂ ಹಚ್ಚಿದರು. ಕಣ್ಣು ಮುಚ್ಚಿಕೊಂಡೇ ಚೊಂಬಿಗಾಗಿ ನೆಲ ತಡವಿದರು. ಕೊಡೋಣವೆಂದು ನಾನು ಬಗ್ಗಿದೆ.

ಅಷ್ಟರಲ್ಲಿ ಮುಚ್ಚಳಮ್ಮ ಎದ್ದಿದ್ದಳು. ಯಾರೂ ಏಳು ಎಂದಿರಲಿಲ್ಲ. ಚೊಂಬು ತೆಗೆದುಕೊಂಡಳು, ಬಕೆಟ್ಟಿಗೆ ಅದ್ದಿದಳು, ಅಮ್ಮನ ತಲೆಯ ಮೇಲೆ ಸುರಿದಳು. ಅರ್ಧ ನೀರು ಬೆನ್ನಿಗೆ ಹೋಯಿತು. ಮತ್ತೆ ಅದ್ದಿದಳು, ಸುರಿದಳು. ಅವರು ತಲೆ ಎತ್ತಲಿಲ್ಲ. ಕೈ ಯಾರದೆಂದು ಗೊತ್ತಾಗಿರಬೇಕು. ಐದನೆಯದಕ್ಕೋ ಆರನೆಯದಕ್ಕೋ ಕೆಮ್ಮಿ ಕೈ ಎತ್ತಿದರು.

‘ಸಾಕು ಸಾಕು. ಮೂಗಿಗೆ ಹೋಯ್ತು.’

ಬಾಗಿದ್ದ ಚೊಂಬು ಗಾಳಿಯಲ್ಲಿ ನಿಂತಿತು. ಮುಚ್ಚಳಮ್ಮ ಅದನ್ನು ನೆಟ್ಟಗೆ ಮಾಡಿ ಎರಡೂ ಕೈಯಲ್ಲಿ ಹಿಡಿದುಕೊಂಡು ಕಾದಳು. ಅವಳಮ್ಮ ಮೂಗು ಸೀಟಿಕೊಂಡರು, ಕಣ್ಣು ಒರೆಸಿಕೊಂಡರು, ಒಂದು ಸಲ ಅವಳನ್ನು ನೋಡಿದರು. ಮತ್ತೆ ತಲೆ ಬಗ್ಗಿಸಿದರು.

‘ಹ್ಞೂಂ. ಈಗ ಹಾಕು.’

ಹಾಕಿದಳು.

ನನಗೆ ಅಲ್ಲಿ ಮಾಡಲು ಕೆಲಸವೇನೂ ಇರಲಿಲ್ಲ. ಗೂಟದಿಂದ ಟವಲು ತೆಗೆದುಕೊಂಡು ಪಕ್ಕದಲ್ಲಿ ನಿಂತೆ.